ಕಲಕಬ್ಯಾಡ

ನಮ್ಮಜ್ಜ ಬಸಲಿಂಗಪ್ಪ
ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಹೊಯ್ತಿದ್ದ.
ಸಾಗವಾನಿ ಅಚ್ಚು ರಾತ್ರಿಯೆಲ್ಲ ನೀರಾಗ ನೆನೀಬೇಕು,
ಪಾಕಕ್ಕ ಚಮಚ ಹಾಲು ಬಿಟ್ಟು ಕೊಳಿ ತಗೀಬೇಕು,
ಆಮ್ಯಾಲ ಹುಟ್ಟು ಹಿಡಿದು ತಿರುವಬೇಕು, ತಿಕ್ಕಬೇಕು,
ಪಾಕ ಮಬ್ಬಾಗೋ ತನಕ, ರಟ್ಟಿ ಸೋಲೋ ತನಕ.
ಅಚ್ಚು ಬಿಚ್ಚಿದ್ರ ಆನಿ, ಗಿಳಿ, ಬಾಳಿಗೊನಿ,
ಸುಣ್ಣ ಹೊಡೆದ ಗ್ವಾಡಿಯಂಗ ಬಿಳಿ.

ನನ್ನ ಕೈಗೆ ಬಂದದ್ದೂ ಅದೇ ಚಟ.
ಕುದಿಯೋದನ್ನ ಕಂಡ್ರ ಕಲಕೋದು.

ಕೇಕಿನ ಸಕ್ಕರಿ ಬ್ಯಾರೆ.
ಅದು ಗಾಜಾಗಬೇಕು.
ಕಲಕಿದ್ರ ಕೆಟ್ಟಿತು.
ಅಂಚಿಂದ ಒಂದೇ ಒಂದು ಹರಳು ಜಾರಿ ಬಿದ್ರೂ
ಓಣಿಯಾಗ ಸುದ್ದಿ ಹಬ್ಬಿದಂಗ
ತಪ್ಪೇಲಿ ತುಂಬ ಹರಳೇ ಹರಳು.
ನಾಕು ಹನಿ ಲಿಂಬಿಹುಳಿ, ಅಂಚು ಒರೆಸಲಿಕ್ಕ ತೊಯ್ದ ಬ್ರಷು,
ಮತ್ತ ಎರಡೂ ಕೈ ಬೆನ್ನ ಹಿಂದ.

‘ಹೆರಿಗಿ ವಾರ್ಡಿನ ದೊಡ್ಡ ಸಿಸ್ಟರು, ಸುವಾರ್ತಮ್ಮ,
ಶನಿವಾರ ರಿಟೈರ್ ಆಗ್ತಾರ.
ಮೂರಂತಸ್ತಿಂದು ಬೇಕು, ಮ್ಯಾಲ ಗಾಜಿನ ಹೂವ’
ಅಂದ ಆಯಾ ಝರೀನಾಬಿ, ಎಲ್ಲರ ಹತ್ರ ಪಟ್ಟಿ ಕೂಡಿಸಿದ್ದು,
ಸೆರಗಿನ ಗಂಟು ಬಿಚ್ಚಿ ಎಣಿಸಿಕೊಟ್ಟಳು.
ಹತ್ತರ ನೋಟೇ ಜಾಸ್ತಿ.

ಬೀದರದಾಗ ಶ್ರಾವಣ.
ಹಸಿ ಗಾಳಿ ಅಂದ್ರ ಸಕ್ಕರಿಗಾಜಿಗೆ ಜ್ವರ,
ಬೆವರತದ, ಅಂಟತದ, ನಿಂತಲ್ಲೇ ತಲಿ ಬಾಗಸ್ತದ.
ಶುಕ್ರವಾರ ರಾತ್ರಿ ಮೊದಲ ಪಾಕ ಕಮರಿತು.
ಎರಡನೇದು ಹರಳುಗಟ್ಟಿತು
(ಕಲಕಿದ್ದೆ, ಸುಳ್ಳ್ಯಾಕ ಹೇಳಲಿ).
ಮೂರನೇದಕ್ಕ ಕರೆಂಟ್ ಹೋಯ್ತು.
ಮೊಬೈಲ್ ಬೆಳಕಿನಾಗ ನೀರಿನ ಬಟ್ಟಲಕ್ಕ ಒಂದು ಹನಿ ಬಿಟ್ಟೆ,
ಎತ್ತಿ ಅಂಚಿಗೆ ಬಡಿದೆ.
ಟಣ್ಣಂತು.

ಬೆರಳು ಸುಡ್ತಾ ಸುಡ್ತಾ ಎಳೆದೆ, ಬಾಗಿಸಿದೆ, ಉಫ್ ಅಂದೆ.
ಇಪ್ಪತ್ತೊಂದು ಎಸಳು.
ಒಂದನ್ನ ಎತ್ತಿ ಹಿಡಿದ್ರ ಅದರಾಚೆ
ಗಡಿಯಾರದ ಮುಳ್ಳು ಕಾಣತಿತ್ತು: ನಾಕು.
ಡಬ್ಬಿ ತಳಕ್ಕ ಕಲ್ಲುಸುಣ್ಣದ ಗಂಟು, ಅದರ ಮ್ಯಾಲ ಹತ್ತಿ,
ಹತ್ತಿ ಮ್ಯಾಲ ಅವು.

ಸ್ಪಂಜು, ಕೆನಿ, ಸ್ಪಂಜು, ಕೆನಿ.
ಕೆಳಗಿನಂತಸ್ತಿನ ಹೊಟ್ಟ್ಯಾಗ ಐದು ಬಿದಿರಕಡ್ಡಿ,
ತಿನ್ನೋವ್ರಿಗೆ ಗೊತ್ತಾಗದ ಕಂಬ.

ಚೌಬಾರಾದಿಂದ ಆಟೋ.
‘ಸಾವಕಾಶ, ಸಾವಕಾಶ’ ಅಂತ ನಾನು.
‘ಗಾಡ್ಯಾಗ ಬಾಣಂತಿ ಅದಾಳೇನ್ರೀ?’ ಅಂತ ಅವ.
ಮದರಸಾದ ಮುಂದಿನ ಗುಂಡಿಗೆ
ಡಬ್ಬಿಯೊಳಗ ಸಣ್ಣಗ ಏನೋ ನಕ್ಕಂಗ ಸಪ್ಪಳ.
ತೆಗೆದು ನೋಡಲಿಲ್ಲ.
ಬಣ್ಣದ ಬಿಲ್ಲೆ ಅರ್ಧ ಉದುರಿದ ಆ ಎತ್ತರದ ಗ್ವಾಡಿ ನೋಡಿದೆ,
ಉಳಿದರ್ಧ ಇನ್ನೂ ನೀಲಿ.

ಏಳು ಮುರಿದಿದ್ದವು.
ಹದಿನಾಕರಾಗ ಹೂವ ಕಟ್ಟಿದೆ,
ಒಂದು ಮಗ್ಗಲು ಬರಿದು.

ಸುವಾರ್ತಮ್ಮ ಕನ್ನಡಕ ಏರಿಸಿ ಸುತ್ತ ಒಂದು ಸುತ್ತು ಬಂದ್ರು,
ಬರಿದಾದ ಮಗ್ಗಲಿಗೆ ಬಂದು ನಿಂತ್ರು.
‘ತೂಕ?’
‘ನಾಲ್ಕೂವರಿ ಕಿಲೋ, ಮೇಡಂ.’
‘ಹುಟ್ಟಿದ ಟೈಮು?’
‘ಬೆಳಗಿನ ನಾಕಕ್ಕ.’
‘ಅಯ್ಯ ತಾಯಿ, ಸಿಜೇರಿಯನ್ನೇ ಗತಿ’ ಅಂದ್ರು,
ವಾರ್ಡಿಗೆ ವಾರ್ಡೇ ನಕ್ಕಿತು,
ಯಾವುದೋ ಕೂಸು ಎದ್ದು ಅಳತೊಡಗಿತು.

ಮೂವತ್ತೆಂಟು ವರ್ಷ ಹೊಕ್ಕಳಬಳ್ಳಿ ಕತ್ತರಿಸಿದ ಕೈ
ಚಾಕು ಹಿಡಿದು ಸುಮ್ಮನ ನಿಂತಿತ್ತು.
ಯಾರೂ ಚಪ್ಪಾಳಿ ಹೊಡೀಲಿಲ್ಲ.
ಆಮ್ಯಾಲ ಆಕಿ ಚಾಕು ಇಟ್ಟು
ಒಂದು ಎಸಳು ಮುರಿದು ಝರೀನಾಬಿ ಬಾಯಿಗಿಟ್ರು.
ಕಟುಕ್.

ಮನಿಗೆ ಬಂದ್ರ ಕಮರಿದ ತಪ್ಪೇಲಿ.
ಕಬ್ಬಿಣದ ಜಾಲಿ ಕೈಗೆ ತಗೊಂಡೆ,
ಮತ್ತ ಇಟ್ಟೆ.
ಸಕ್ಕರಿ ಹತ್ತಿದ ಪಾತ್ರಿ ತಿಕ್ಕಬಾರದಂತಿದ್ದ ಅಜ್ಜ,
ಅಷ್ಟೆಲ್ಲ ತಿಕ್ಕಿದಾವ, ಅದೊಂದನ್ನ ಬಿಟ್ಟು.
ನೀರು ಹಾಕಿ ಮೂಲ್ಯಾಗ ಇಟ್ಟೀನಿ.
ಇವತ್ತಿಗೆ ಎರಡನೇ ದಿನ,
ಅಂಚು ಬಿಡಲಿಕತ್ತದ.